ಮುಟ್ಟುವ ಮೊದಲು ನೋಡಿ: ಆಶಾ ಕಾರ್ಯಕರ್ತೆಯರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಆಶಾ ಅಕ್ಕತಂಗಿಯರಿಗೆ,

ತಿಪಟೂರು ಸೀಮೆಯ ಒಂದು ಹಳ್ಳಿಯಿಂದ ಬರೆಯುತ್ತಿದ್ದೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ನೇತ್ರಾಧಿಕಾರಿಯಾಗಿದ್ದು ನಿವೃತ್ತಳಾದವಳು ನಾನು. ಕಣ್ಣಿನ ಡಾಕ್ಟರಲ್ಲ. ಕಣ್ಣು ಪರೀಕ್ಷೆ, ಕನ್ನಡಕದ ನಂಬರು, ಶಾಲೆ ಮಕ್ಕಳ ತಪಾಸಣೆ, ಪೊರೆಯವರ ಪಟ್ಟಿ, ಶಿಬಿರ ಇವೇ ನನ್ನ ಕೆಲಸ. ಯಾರನ್ನು ಡಾಕ್ಟರ ಹತ್ತಿರ ಕಳಿಸಬೇಕು ಅನ್ನುವುದನ್ನು ಮೊದಲು ನೋಡಿ ಹೇಳಬೇಕಾದವಳು. ಆ ಕೆಲಸದ ಅರ್ಧ ಭಾರ ನಿಮ್ಮ ಕಾಲಿನ ಮೇಲಿತ್ತು. ನೀವು ಬಿಸಿಲಲ್ಲಿ ಮನೆ ಮನೆ ತಿರುಗಿ ಕರೆತರದಿದ್ದರೆ ನನ್ನ ಮೇಜಿನ ಮುಂದೆ ಎಷ್ಟೋ ಜನ ಬಂದು ಕೂರುತ್ತಲೇ ಇರಲಿಲ್ಲ.

ನೀವು ನೂರು ಸಲ ಕಂಡಿರುವ ನೋಟವೊಂದನ್ನು ನೆನಪಿಸುತ್ತೇನೆ. ಜಗಲಿ ಮೇಲೆ ಅಜ್ಜಿ ಕೂತಿರುತ್ತಾರೆ. ಕೈಯಲ್ಲಿ ಸೆರಗಿನ ತುದಿ. ಅದನ್ನು ಸುರುಳಿ ಸುತ್ತಿ ಒಂದೇ ಕಣ್ಣಿನ ಕೆಳಗೆ ಒತ್ತುತ್ತಾ, ಒರೆಸುತ್ತಾ ಇರುತ್ತಾರೆ. ಕಣ್ಣು ಅರ್ಧ ಮುಚ್ಚಿದೆ. ಕೆನ್ನೆಯ ಮೇಲೆ ನೀರಿನ ಗೆರೆ ಒಣಗಿ ಬೆಳ್ಳಗಾಗಿದೆ. ನೀವು ಬಿಪಿ, ಶುಗರ್ ವಿಚಾರಿಸಿ, "ಕಣ್ಣಿಗೇನಾಯ್ತಜ್ಜಿ?" ಅಂದರೆ "ವಯಸ್ಸಾಯ್ತಲ್ಲವ್ವ, ನೀರು ಸೋರ್ತೈತೆ" ಅನ್ನುತ್ತಾರೆ. ಸೊಸೆ ಒಳಗಿನಿಂದಲೇ "ಡ್ರಾಪ್ಸ್ ಹಾಕ್ತಾ ಇದೀವಿ ಅಕ್ಕಾ" ಅನ್ನುತ್ತಾಳೆ. ಮಾತು ಅಲ್ಲಿಗೆ ನಿಲ್ಲುತ್ತದೆ.

ಅದು ಅಲ್ಲಿಗೆ ನಿಲ್ಲಬಾರದು ಅನ್ನುವುದಕ್ಕೇ ಈ ಕಾಗದ. ಹಾಗೆ ಕಣ್ಣೊರೆಸುತ್ತಾ ಕೂತ ಹಿರಿಯರಲ್ಲಿ ಕೆಲವರಿಗೆ ಕೆಳರೆಪ್ಪೆ ಒಳಕ್ಕೆ ಮಡಚಿಕೊಂಡಿರುತ್ತದೆ. ಹೊರಗೆ ಚಾಚಿರಬೇಕಾದ ರೆಪ್ಪೆಗೂದಲು ಕಣ್ಣುಗುಡ್ಡೆಗೆ ತಾಗಿ ನಿಂತಿರುತ್ತದೆ. ಡಾಕ್ಟರುಗಳು ಇದಕ್ಕೆ ಎಂಟ್ರೋಪಿಯನ್ ಅನ್ನುತ್ತಾರೆ. ಎಷ್ಟು ಡ್ರಾಪ್ಸ್ ಹಾಕಿದರೂ ಮಡಚಿದ ರೆಪ್ಪೆ ಬಿಚ್ಚಿಕೊಳ್ಳುವುದಿಲ್ಲ. ಹೊಲಿಗೆ ಹಾಕಿ ಅದನ್ನು ತನ್ನ ಜಾಗಕ್ಕೆ ತಿರುಗಿಸಬೇಕು. ಆ ಜಾಗವನ್ನಷ್ಟೇ ಮರಗಟ್ಟಿಸಿ, ಮನುಷ್ಯ ಎಚ್ಚರವಿದ್ದಂತೆಯೇ ಮಾಡುವ ಅರ್ಧ ಮುಕ್ಕಾಲು ಗಂಟೆಯ ಕೆಲಸ. ಹೆಚ್ಚಿನವರು ಅದೇ ದಿನ ಮನೆಗೆ ಬರುತ್ತಾರೆ.

ಇದೆಲ್ಲ ನನಗೆ ಗೊತ್ತಿದ್ದದ್ದೇ. ತರಬೇತಿಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಆದರೂ ಹೆತ್ತ ತಾಯಿಯ ಕಣ್ಣಲ್ಲಿ ಇದ್ದದ್ದನ್ನು ಎರಡು ವರ್ಷ ನಾನು ಕಾಣಲಿಲ್ಲ.

ಅಮ್ಮ ಊರಲ್ಲಿ ಅಣ್ಣನ ಮನೆಯಲ್ಲಿದ್ದರು. ಎಪ್ಪತ್ತಾರು ವಯಸ್ಸು. ನಾನು ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಪ್ರತಿ ಸಲವೂ ಒಂದೇ ಮಾತು: "ಬಲಗಣ್ಣೊಳಗೆ ರಾಗಿಕಾಳು ಉಳ್ಳಾಡ್ದಂಗೆ ಆಗ್ತೈತೆ ಕಣೇ." ನಾನು ಕೈ ತೊಳೆದು, ಅಮ್ಮನನ್ನು ಬಾಗಿಲ ಬೆಳಕಿಗೆ ಕೂರಿಸಿ, ಹೆಬ್ಬೆರಳಿನಿಂದ ಕೆಳರೆಪ್ಪೆಯನ್ನು ಕೆಳಕ್ಕೆಳೆದು ಟಾರ್ಚ್ ಬಿಡುತ್ತಿದ್ದೆ. ಒಳಗೆ ಸ್ವಲ್ಪ ಕೆಂಪು. ಕಸ ಇಲ್ಲ, ಕೀವು ಇಲ್ಲ. "ಕಣ್ಣು ಒಣಗ್ತಾ ಇದೆ ಅಮ್ಮ, ಈ ಡ್ರಾಪ್ಸ್ ಹಾಕ್ಕೋ" ಅಂತ ಹೇಳಿ, ಬಾಟಲಿ ಕೊಟ್ಟು ಬರುತ್ತಿದ್ದೆ.

ಅಮ್ಮ ಆಗೆಲ್ಲ ಒಂದು ಮಾತು ಹೇಳುತ್ತಿದ್ದರು: "ನಿನ್ ಕೈ ತಾಕಿದ್ರೆ ಸಾಕು ನೋಡು, ಹಾಯ್ ಅನ್ನಿಸ್ತೈತೆ." ಮಗಳ ಕೈಗುಣವನ್ನು ಹೊಗಳುತ್ತಿದ್ದಾರೆ ಅಂದುಕೊಂಡು ನಾನು ಸಂತೋಷಪಡುತ್ತಿದ್ದೆ. ನಿಜಕ್ಕೂ ಅಮ್ಮ ಕಾಯಿಲೆ ಏನೆಂದು ನನಗೆ ಹೇಳುತ್ತಿದ್ದರು. ನನ್ನ ಹೆಬ್ಬೆರಳು ಎಳೆದ ಕೂಡಲೇ ಒಳಗೆ ಮಡಚಿದ್ದ ರೆಪ್ಪೆ ಬಿಚ್ಚಿಕೊಂಡು ಸರಿಯಾಗಿ ಕೂರುತ್ತಿತ್ತು. ಕೂದಲು ಕಣ್ಣಿನಿಂದ ದೂರವಾಗುತ್ತಿತ್ತು. ಸ್ವಲ್ಪ ಹೊತ್ತು ಆರಾಮ. ನಾನು ಬಸ್ಸು ಹತ್ತುವಷ್ಟರಲ್ಲಿ ಅಮ್ಮ ನಾಲ್ಕು ಸಲ ಕಣ್ಣು ಬಿಗಿಯಾಗಿ ಮುಚ್ಚಿ ಬಿಟ್ಟಿರುತ್ತಿದ್ದರು. ರೆಪ್ಪೆ ಮತ್ತೆ ಒಳಗೆ. ನಾನು ನೋಡುವುದಕ್ಕೆಂದು ಮುಟ್ಟಿದ್ದೇ, ನೋಡಬೇಕಾದದ್ದು ಮರೆಯಾಗುತ್ತಿತ್ತು.

ಅಮ್ಮ ಸುಮ್ಮನೆ ಕೂರಲಿಲ್ಲ. ಗೋಡೆಗೂಡಿನಲ್ಲಿ ಕುಂಕುಮದ ಭರಣಿಯ ಪಕ್ಕ ಮುಳ್ಳು ಕೀಳುವ ಚಿಮಟ ಇರುತ್ತಿತ್ತು. ಪಕ್ಕದ ಮನೆ ಹುಡುಗಿಯನ್ನು ಕರೆದು, ಮಧ್ಯಾಹ್ನದ ಬಿಸಿಲಿಗೆ ಮುಖ ಕೊಟ್ಟು, ಕಣ್ಣಿಗೆ ಚುಚ್ಚುವ ಕೂದಲನ್ನು ಒಂದೊಂದಾಗಿ ಕೀಳಿಸುತ್ತಿದ್ದರಂತೆ. ಕಿತ್ತ ದಿನ ನಿದ್ದೆ ಬರುತ್ತಿತ್ತು. ಆರೆಂಟು ವಾರದಲ್ಲಿ ಮತ್ತೆ ಹುಟ್ಟುತ್ತಿತ್ತು. ಈ ಸಲ ಮೋಟು ಕೂದಲು. ಹೊಲದಲ್ಲಿ ಕೊಯ್ದ ರಾಗಿಯ ಕೂಳೆ ಬರಿಗಾಲಿಗೆ ಹೇಗೆ ಚುಚ್ಚುತ್ತದೋ ಹಾಗೆ. ಉದ್ದ ಕೂದಲು ಬಾಗುತ್ತದೆ, ಮೋಟು ಕೂದಲು ಬಾಗುವುದಿಲ್ಲ. ನನಗೆ ಇದನ್ನು ಹೇಳಿರಲಿಲ್ಲ. ಬೈತೀಯ ಅಂತ ಹೇಳಲಿಲ್ಲ ಕಣೇ, ಅಂದರು ಆಮೇಲೆ.

ಕೊನೆಗೆ ಗೊತ್ತಾಗಿದ್ದು ಪೊರೆಯ ದೆಸೆಯಿಂದ. ಬಲಗಣ್ಣಿನ ಪೊರೆ ತೆಗೆಸಲು ಅಮ್ಮನನ್ನು ಬೆಂಗಳೂರಿಗೆ ಕರೆದೊಯ್ದೆ. ಅಲ್ಲಿನ ಡಾಕ್ಟರಮ್ಮ, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಅಮ್ಮನ ಎದುರಿಗೆ ಸ್ಟೂಲು ಎಳೆದುಕೊಂಡು ಕೂತರು. ಟಾರ್ಚ್ ಹಚ್ಚಲಿಲ್ಲ. ಎರಡೂ ಕೈ ಮಡಿಲಲ್ಲಿ. ಅಮ್ಮನ ಮುಖವನ್ನು ಸುಮ್ಮನೆ ನೋಡುತ್ತಾ ಊರಿನ ಮಳೆಬೆಳೆ ವಿಚಾರಿಸಿದರು. ಆಮೇಲೆ, "ಅಮ್ಮಾ, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ. ಇನ್ನೂ ಬಿಗಿಯಾಗಿ. ಹಾಂ, ಈಗ ಬಿಡಿ" ಅಂದರು. ಅಮ್ಮ ಕಣ್ಣು ಬಿಟ್ಟರು. ಎಡಗಣ್ಣಿನ ಕೆಳಗೆ ರೆಪ್ಪೆಯ ಅಂಚು, ಕೂದಲ ಸಾಲು ಕಾಣುತ್ತಿತ್ತು. ಬಲಗಣ್ಣಿನಲ್ಲಿ ಅಂಚೇ ಇಲ್ಲ. ಕೆನ್ನೆಯ ಚರ್ಮ ನೇರ ಹೋಗಿ ಕಣ್ಣೊಳಗೆ ಇಳಿದಂತೆ ಕಾಣುತ್ತಿತ್ತು. ಒಂದು ಕೂದಲೂ ಹೊರಗಿಲ್ಲ. ಎಲ್ಲವೂ ಒಳಗೆ, ಕರಿಗುಡ್ಡೆಯ ಮೇಲೆ.

"ಮೊದಲು ರೆಪ್ಪೆ ಸರಿ ಮಾಡೋಣ, ಆಮೇಲೆ ಪೊರೆ. ಹೀಗಿರುವಾಗ ಕಣ್ಣೊಳಗೆ ಆಪರೇಷನ್ ಮಾಡಿದರೆ ಸೋಂಕು ತಗಲುವ ಭಯ" ಅಂದರು ಅವರು. ಗೋಡೆಗೆ ಒರಗಿ ನಿಂತಿದ್ದ ನನಗೆ ಮಾತೇ ಹೊರಡಲಿಲ್ಲ.

ತಂಗಿಯರೇ, ಅವತ್ತಿನಿಂದ ನನ್ನ ತಲೆಯಲ್ಲಿ ಇರುವುದು ಒಂದೇ ಮಾತು. ಕಣ್ಣನ್ನು ಮುಟ್ಟುವ ಮೊದಲು ನೋಡಬೇಕು. ಟಾರ್ಚ್, ಹೆಬ್ಬೆರಳು, ಡ್ರಾಪ್ಸ್ ಎಲ್ಲ ಆಮೇಲೆ. ನಿಮ್ಮನ್ನು ನಾನು ಕೇಳಿಕೊಳ್ಳುವುದು ಇಷ್ಟೇ, ಮಿಕ್ಕದ್ದೆಲ್ಲ ಇದರ ವಿವರಣೆ.

ರೆಪ್ಪೆ ಯಾಕೆ ಹೀಗೆ ಮಡಚುತ್ತದೆ ಅನ್ನುವುದನ್ನು ನಿಮ್ಮ ಸೀರೆಯ ಅಂಚು ನೋಡಿದರೆ ಅರ್ಥ ಮಾಡಿಕೊಳ್ಳಬಹುದು. ಸೀರೆ ತಂದ ಕೂಡಲೇ ಕೆಳ ಅಂಚಿಗೆ ಫಾಲ್ ಹೊಲಿಸುತ್ತೇವಲ್ಲ, ಅಂಚು ಗಟ್ಟಿಯಾಗಿ ನೇರ ನಿಲ್ಲಲಿ ಅಂತ. ನಮ್ಮ ಕೆಳರೆಪ್ಪೆಯ ಒಳಗೂ ಅಂಥದ್ದೊಂದು ಗಟ್ಟಿ ಪಟ್ಟಿ ಇದೆ, ಬರೀ ನಾಲ್ಕು ಮಿಲಿಮೀಟರಿನಷ್ಟು ಎತ್ತರ. ಮೇಲುರೆಪ್ಪೆಯಲ್ಲಿ ಅದರ ಎರಡೂವರೆ ಪಟ್ಟು ಇರುತ್ತದೆ. ಆ ಪಟ್ಟಿಯ ಎರಡು ತುದಿಗಳನ್ನು ಮೂಗಿನ ಕಡೆ ಒಂದು, ಕಿವಿಯ ಕಡೆ ಒಂದು ಎಂದು ಮೂಳೆಗೆ ಬಿಗಿದಿದೆ, ನವಾರಿನ ಮಂಚದ ಪಟ್ಟಿಯನ್ನು ಎರಡು ಕಡೆ ಬಿಗಿದಂತೆ. ಕೆಳಗಿನಿಂದ ಇನ್ನೊಂದು ತೆಳು ಪದರ ಪಟ್ಟಿಯ ಬುಡವನ್ನು ಹಿಡಿದೆಳೆದು ನಿಲ್ಲಿಸಿರುತ್ತದೆ. ಮುಂಭಾಗದಲ್ಲಿ ಕಣ್ಣನ್ನು ಮುಚ್ಚುವ ಉಂಗುರದಂಥ ಸ್ನಾಯು.

ವಯಸ್ಸಾದಂತೆ ನವಾರು ಜೋತುಬೀಳುತ್ತದೆ. ಕೆಳಗಿನ ಪದರ ಸಡಿಲಾಗುತ್ತದೆ, ಕೆಲವರಲ್ಲಿ ಪಟ್ಟಿಯಿಂದ ಬಿಟ್ಟೇ ಹೋಗುತ್ತದೆ. ಬುಡದ ಹಿಡಿತ ತಪ್ಪಿದ ಮೇಲೆ ಮುಂದಿನ ಸ್ನಾಯು ಮೇಲಕ್ಕೆ ಏರಿ ಪಟ್ಟಿಯ ಅಂಚನ್ನು ಒಳಕ್ಕೆ ದಬ್ಬುತ್ತದೆ. ಫಾಲ್ ಬಿಚ್ಚಿಹೋದ ಸೀರೆಯ ಅಂಚು ಕಾಲಿಗೆ ಸುತ್ತಿಕೊಳ್ಳುವ ಹಾಗೆ. ಅದಕ್ಕೇ ಕಣ್ಣನ್ನು ಬಿಗಿಯಾಗಿ ಮುಚ್ಚಿಸಿದಾಗ ಇದು ಹೊರಬೀಳುವುದು. ಆ ಸ್ನಾಯು ಜೋರಾಗಿ ಕೆಲಸ ಮಾಡಿದಾಗ ಮಡಿಕೆ ಎದ್ದು ಕಾಣುತ್ತದೆ. ಚುಚ್ಚುತ್ತದೆ ಅಂತ ಮುದುಕರು ಕಣ್ಣು ಹಿಂಡುತ್ತಾರೆ, ಹಿಂಡಿದಷ್ಟೂ ಮಡಚುತ್ತದೆ, ಮಡಚಿದಷ್ಟೂ ಚುಚ್ಚುತ್ತದೆ. ಗಾಣದೆತ್ತಿನ ಹಾಗೆ ಅಲ್ಲೇ ಸುತ್ತು.

ನಾವು ನಿಮಿಷಕ್ಕೆ ಹತ್ತು ಹದಿನೈದು ಸಲ ಕಣ್ಣು ಮಿಟುಕಿಸುತ್ತೇವೆ. ದಿನಕ್ಕೆ ಹತ್ತು ಸಾವಿರ ಸಲದಷ್ಟು. ಅಷ್ಟು ಸಲವೂ ಪೊರಕೆ ಎಳೆದ ಹಾಗೆ ಕೂದಲು ಕರಿಗುಡ್ಡೆಯ ಮೇಲೆ ಹಾಯುತ್ತದೆ ಎಂದು ಲೆಕ್ಕ ಹಾಕಿ. ಕರಿಗುಡ್ಡೆಯ ಮುಂದಿರುವ ಗಾಜಿನಂಥ ಪದರವನ್ನು ಕಾರ್ನಿಯಾ ಅನ್ನುತ್ತೇವೆ. ಅದರ ದಪ್ಪ ನಡುವೆ ಹೆಚ್ಚುಕಡಿಮೆ ಅರ್ಧ ಮಿಲಿಮೀಟರು. ಮೈಯಲ್ಲಿ ಅಷ್ಟು ನರತುದಿಗಳು ಒತ್ತೊತ್ತಾಗಿರುವ ಜಾಗ ಬೇರೆ ಇಲ್ಲ. ಒಂದು ಧೂಳಿನ ಕಣ ಬಿದ್ದರೆ ನಮಗೆ ಪ್ರಾಣ ಹೋಗುತ್ತದೆ. ಇವರು ಕೂದಲ ಸಾಲನ್ನೇ ಇಟ್ಟುಕೊಂಡು ವರ್ಷಗಟ್ಟಲೆ "ಏನೋ ಸ್ವಲ್ಪ ಚುಚ್ತೈತೆ" ಅನ್ನುತ್ತಾರೆ. ಆ ತಾಳ್ಮೆಯನ್ನು ಕಂಡು ಸುಮ್ಮನಿರಬೇಡಿ. ಮೇಲಿನ ತೊಗಟೆ ತರಚಿ, ಹಾಗೇ ಬಿಟ್ಟರೆ ಹುಣ್ಣಾಗುತ್ತದೆ. ಹುಲ್ಲು, ತೆಂಗಿನ ನಾರು, ಒಕ್ಕಣೆಯ ಧೂಳಿನ ನಡುವೆ ಇರುವವರಿಗೆ ಆ ಹುಣ್ಣಿಗೆ ಬೂಷ್ಟು ಹತ್ತಬಹುದು. ಬೂಷ್ಟಿನ ಹುಣ್ಣು ಬಹಳ ಕೆಟ್ಟದ್ದು, ವಾಸಿಯಾದರೂ ಬಿಳಿ ಕಲೆ ಉಳಿಯುತ್ತದೆ. "ಕಣ್ಣಿಗೆ ಹೂ ಬಿತ್ತು" ಅಂತ ನಮ್ಮ ಕಡೆ ಅನ್ನುವುದು ಇಂಥದ್ದಕ್ಕೇ.

ಇಲ್ಲಿ ಔಷಧದಂಗಡಿಯ ಡ್ರಾಪ್ಸಿನ ಮಾತು ಹೇಳಲೇಬೇಕು. ಕೆಂಪಗಿದೆ ಅಂತ ಚೀಟಿಯಿಲ್ಲದೆ ತರುವ ಬಾಟಲಿಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಹಾಕಿದ ಎರಡು ದಿನಕ್ಕೆ ಕೆಂಪು ಇಳಿಯುತ್ತದೆ, ಎಲ್ಲರಿಗೂ ಸಮಾಧಾನ. ಒಳಗೆ ಹುಣ್ಣಿದ್ದರೆ, ಅದರಲ್ಲೂ ಬೂಷ್ಟಿನ ಹುಣ್ಣಿದ್ದರೆ, ಅದು ಬೆಂಕಿಗೆ ತುಪ್ಪ ಸುರಿದಂತೆ. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು. ಎದೆಹಾಲು, ಹರಳೆಣ್ಣೆ, ನಂದಿಬಟ್ಟಲು ಹೂವಿನ ರಸ ಹಾಕುವವರೂ ಇದ್ದಾರೆ. ಅವರನ್ನು ಗದರಬೇಡಿ. ನೋವಿಗೆ ದಾರಿ ಹುಡುಕುತ್ತಿದ್ದಾರೆ ಅಷ್ಟೇ. ತರಚಿದ ಕಣ್ಣಿಗೆ ಶುದ್ಧವಲ್ಲದ್ದು ಏನು ಬಿದ್ದರೂ ಅಪಾಯ ಅಂತ ಮೆತ್ತಗೆ ಹೇಳಿ.

ಪೊರೆ ಅಂದರೆ ಇವತ್ತು ಯಾವ ಹಳ್ಳಿಯ ಮುದುಕರಿಗೂ ಗೊತ್ತು. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ ಶಿಬಿರ ಹಾಕಿ ಲಕ್ಷಗಟ್ಟಲೆ ಜನರ ಪೊರೆ ತೆಗೆದರು. ಅವರ ಹಿಂದೆ ಎಷ್ಟೋ ಸಂಸ್ಥೆಗಳು ಅದೇ ದಾರಿ ಹಿಡಿದವು. ಹಾಗಾಗಿ ಪೊರೆಗೊಂದು ಹೆಸರಿದೆ, ಅದಕ್ಕೆ ಆಪರೇಷನ್ ಇದೆ, ಮಾಡಿಸಿದರೆ ಕಾಣುತ್ತದೆ ಅನ್ನುವ ನಂಬಿಕೆಯಿದೆ. ಒಳಮಡಚಿದ ರೆಪ್ಪೆಗೆ ಆ ಭಾಗ್ಯ ಬರಲಿಲ್ಲ. ಹಳ್ಳಿಯಲ್ಲಿ ಅದಕ್ಕೆ ಹೆಸರೇ ಇಲ್ಲ. ಹೆಸರಿಲ್ಲದ ಕಾಯಿಲೆಯನ್ನು ಯಾರ ಹತ್ತಿರ ಏನಂತ ಹೇಳಿಕೊಳ್ಳುತ್ತಾರೆ? "ವಯಸ್ಸು" ಅಂತ ಹೇಳಿ ಸುಮ್ಮನಾಗುತ್ತಾರೆ.

ಹಾಗಂತ ಇದು ಹೊಸ ಕಾಯಿಲೆಯೂ ಅಲ್ಲ. ಕೂದಲು ಕಣ್ಣಿಗೆ ಚುಚ್ಚುವ ರೋಗಕ್ಕೆ ಸುಶ್ರುತ ಸಂಹಿತೆಯಲ್ಲಿ ಪಕ್ಷ್ಮಕೋಪ ಎಂಬ ಹೆಸರಿದೆ. ರೆಪ್ಪೆಯ ಚರ್ಮವನ್ನು ಯವೆಕಾಳಿನ ಆಕಾರದಲ್ಲಿ ಕತ್ತರಿಸಿ ಕೂದಲೆಳೆಯಿಂದ ಹೊಲಿಯುವ ವಿಧಾನ ಅಲ್ಲಿದೆ. ನಾನು ಕಲಿಯುವಾಗ ಕೂದಲು ಚುಚ್ಚುವುದು ಅಂದರೆ ಟ್ರಕೋಮಾ ಅಂತಲೇ ಹೇಳಿಕೊಡುತ್ತಿದ್ದರು. ಅದು ಸೋಂಕಿನಿಂದ ಬರುವ ರೋಗ. ರೆಪ್ಪೆಯ ಒಳಗೆ ಗಾಯ ಕಲೆಗಟ್ಟಿ ಎಳೆದುಕೊಳ್ಳುತ್ತದೆ, ಹೆಚ್ಚಾಗಿ ಮೇಲುರೆಪ್ಪೆಯಲ್ಲಿ. ನಮ್ಮ ದೇಶ 1963ರಲ್ಲಿ ಅದರ ವಿರುದ್ಧ ಕಾರ್ಯಕ್ರಮ ಶುರು ಮಾಡಿತು. 2024ರ ಅಕ್ಟೋಬರಿನಲ್ಲಿ, ಭಾರತದಲ್ಲಿ ಟ್ರಕೋಮಾ ಇನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಹೆಮ್ಮೆಯ ಸಂಗತಿ, ನಿಮ್ಮಂಥವರ ಶ್ರಮವೂ ಅದರಲ್ಲಿದೆ. ನನ್ನ ಕಳವಳ ಬೇರೆ. ಆ ರೋಗ ಹೋಯಿತು ಅಂತ ರೆಪ್ಪೆ ನೋಡುವ ರೂಢಿಯೂ ಹೋಗಬಾರದು. ಟ್ರಕೋಮಾ ಹೋದರೂ ಮುಪ್ಪು ಹೋಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಈಗ ಉಳಿದಿರುವವರೇ ಮುದುಕರು.

ಇನ್ನೊಂದು ಕೆಲಸ ನಿಮ್ಮ ತಲೆಗೆ ಕಟ್ಟುತ್ತಿದ್ದೇನೆ ಅಂದುಕೊಳ್ಳಬೇಡಿ. 2025ರ ಜನವರಿಯಲ್ಲಿ ನೀವು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಅಹೋರಾತ್ರಿ ಧರಣಿ ಕೂತಿದ್ದು ನನಗೆ ಗೊತ್ತು. ಗರ್ಭಿಣಿಯರಿಂದ ಹಿಡಿದು ಸೊಳ್ಳೆ ಲಾರ್ವದವರೆಗೆ ಎಲ್ಲವನ್ನೂ ಗೌರವಧನದ ಹೆಸರಲ್ಲಿ ನಿಮ್ಮ ಕೈಲೇ ಮಾಡಿಸುತ್ತಾರೆ. ನಿಮ್ಮ ಬೇಡಿಕೆ ನ್ಯಾಯವಾದದ್ದು, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ರೆಪ್ಪೆ ನೋಡುವುದು ಹೊಸ ರಿಜಿಸ್ಟರು ಬೇಡುವ ಕೆಲಸ ಅಲ್ಲ. ಮೂವತ್ತು ದಾಟಿದವರಿಗೆ ನೀವು ತುಂಬುವ ಸಿಬ್ಯಾಕ್ ಫಾರಂನಲ್ಲೇ ಎರಡು ಪ್ರಶ್ನೆ ಇವೆ: ಒಂದು ವಾರಕ್ಕಿಂತ ಹೆಚ್ಚು ಕಣ್ಣು ನೋವಿದೆಯೇ, ಒಂದು ವಾರಕ್ಕಿಂತ ಹೆಚ್ಚು ಕಣ್ಣು ಕೆಂಪಿದೆಯೇ. ಕೆಲವು ಜಿಲ್ಲೆಗಳಲ್ಲಿ ಆಶಾಕಿರಣ ಯೋಜನೆಯಲ್ಲಿ ಮನೆ ಬಾಗಿಲಲ್ಲೇ ಕಣ್ಣು ನೋಡುವ ಕೆಲಸವನ್ನೂ ನೀವು ಮಾಡಿದ್ದೀರಿ. ಆ ಎರಡು ಪ್ರಶ್ನೆ ಕೇಳುವಾಗ ಮುಖ ಎತ್ತಿ ಒಂದು ನಿಮಿಷ ನೋಡಿದರೆ ಸಾಕು.

ಹೀಗೆ ನೋಡಿ. ಹಿರಿಯರನ್ನು ಹೊರಗಿನ ಬೆಳಕಿಗೆ ಕೂರಿಸಿ, ಅವರ ಮುಖದ ಮಟ್ಟಕ್ಕೆ ನೀವೂ ಕೂರಿ. ಕೈ ನಿಮ್ಮ ಮಡಿಲಲ್ಲಿರಲಿ. ಎರಡು ಮಾತಾಡಿಸುತ್ತಾ ಎರಡೂ ಕೆಳರೆಪ್ಪೆಯ ಅಂಚನ್ನು, ಕೂದಲ ಸಾಲನ್ನು ಹೋಲಿಸಿ ನೋಡಿ. ಆಮೇಲೆ ಕಣ್ಣು ಬಿಗಿಯಾಗಿ ಮುಚ್ಚಿಸಿ, ಬಿಡಿಸಿ, ಮತ್ತೆ ನೋಡಿ. ಎರಡು ಮೂರು ಸಲ ಮಾಡಿಸಿ. ಕೆಲವರಲ್ಲಿ ಮೊದಲ ಸಲಕ್ಕೆ ಸಿಗುವುದಿಲ್ಲ. ಅಂಚು ಮಾಯವಾಯಿತೋ, ಕೂದಲು ಒಳಗೆ ಹೋಯಿತೋ, ಕಾಯಿಲೆ ಸಿಕ್ಕಿತು ಅಂತಲೇ ಲೆಕ್ಕ. ಆಗ, ಕೈ ತೊಳೆದುಕೊಂಡು, ರೆಪ್ಪೆಯನ್ನು ಮೆಲ್ಲಗೆ ಕೆಳಕ್ಕೆಳೆದು ಬಿಡಿ. ನಿಮ್ಮದೋ ನನ್ನದೋ ಆದರೆ ರಬ್ಬರಿನ ಹಾಗೆ ತಕ್ಷಣ ಹೋಗಿ ಕಣ್ಣಿಗೆ ಅಂಟಿಕೊಳ್ಳುತ್ತದೆ. ಸಡಿಲಾದ ರೆಪ್ಪೆ ಜೋಲಾಡಿಕೊಂಡು, ಒಮ್ಮೆ ಕಣ್ಣು ಮಿಟುಕಿಸಿದ ಮೇಲೆ ಜಾಗಕ್ಕೆ ಬರುತ್ತದೆ. "ಕಣ್ಣು ಕೆಳಕ್ಕೆಳೆದು ಹಿಡ್ಕೊಂಡ್ರೆ ಹಾಯಾಗ್ತದಾ ಅಜ್ಜಿ?" ಅಂತಲೂ ಕೇಳಿ. ನನ್ನ ಅಮ್ಮ ಕೇಳದೆಯೇ ಹೇಳಿದ್ದರು.

ನೀರು ಸುರಿಯುವ ಕಣ್ಣೆಲ್ಲ ಇದೇ ಅಲ್ಲ. ಕಣ್ಣೀರಿನ ನಾಳ ಕಟ್ಟಿಕೊಂಡರೂ ಸುರಿಯುತ್ತದೆ. ರೆಪ್ಪೆ ಹೊರಕ್ಕೆ ಜೋತುಬಿದ್ದರೂ ಸುರಿಯುತ್ತದೆ. ಯಾವುದು ಅಂತ ತೀರ್ಮಾನ ಮಾಡುವುದು ಡಾಕ್ಟರ ಕೆಲಸ, ನೀವು ಕಳಿಸಿಕೊಡಿ. ಆದರೆ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ, ನೋವು ತಡೆಯಲಾಗದಷ್ಟಿದ್ದರೆ, ದೃಷ್ಟಿ ದಿಢೀರನೆ ಮಂಜಾದರೆ, ಕೀವು ಬಂದರೆ, ಶಿಬಿರಕ್ಕೆ ಕಾಯಿಸಬೇಡಿ. ಅವತ್ತೇ ಕಳಿಸಿ.

ಅಮ್ಮನ ಆಪರೇಷನ್ ದಿನ ನಾನು ಕೇಳಿಕೊಂಡಿದ್ದಕ್ಕೆ ಒಳಗೆ ನಿಲ್ಲಲು ಬಿಟ್ಟರು. ಮೊದಲು ಕೆಳರೆಪ್ಪೆಗೆ, ಕಣ್ಣಿನ ಹೊರಮೂಲೆಗೆ ಇಂಜೆಕ್ಷನ್. ಅಮ್ಮ ನೋವು ಅಂತ ಅಂದಿದ್ದು ಆ ಒಂದು ಸಲವೇ. ಆಮೇಲೆ ಡಾಕ್ಟರಮ್ಮ ಹೊರಮೂಲೆಯಲ್ಲಿ ಸಣ್ಣದಾಗಿ ಕೊಯ್ದು, ರೆಪ್ಪೆಯ ಆ ತುದಿಯನ್ನು ಬಿಡಿಸಿಕೊಂಡರು. ಚಿಮಟದಲ್ಲಿ ಹಿಡಿದು ಮೂಳೆಯ ಕಡೆಗೆ ಎಳೆದು ಎಷ್ಟು ಹೆಚ್ಚಾಗಿದೆ ಎಂದು ಅಳೆದರು. ಬ್ಲೌಸ್ ಹೊಲಿಯುವವರು ತೋಳಿನ ಬಟ್ಟೆ ಎಳೆದು ನೋಡುವ ಹಾಗೆಯೇ ಇತ್ತು ಅದು. ಹೆಚ್ಚಾದಷ್ಟನ್ನು ಕತ್ತರಿಸಿ, ಒಳಗಿನ ಗಟ್ಟಿ ಪಟ್ಟಿಯ ತುದಿಯನ್ನು ಕಣ್ಣುಗೂಡಿನ ಮೂಳೆಯ ಒಳಬದಿಯ ಹೊದಿಕೆಗೆ ಹೊಲಿದರು. ನವಾರು ಬಿಗಿಯಾಯಿತು. ಆಮೇಲೆ ರೆಪ್ಪೆಯ ಒಳಬದಿಯಿಂದ ಚುಚ್ಚಿ, ಕೂದಲ ಸಾಲಿನ ಕೆಳಗೆ ಹೊರಕ್ಕೆ ತೆಗೆಯುವ ಹೊಲಿಗೆ, ಮೂರು ಕಡೆ. ಒಂದೊಂದು ಗಂಟು ಬಿಗಿದಾಗಲೂ ಅಂಚು ಒಂದಿಷ್ಟು ಹೊರಕ್ಕೆ ತಿರುಗುತ್ತಿತ್ತು. ಮೂರನೆಯ ಗಂಟಿಗೆ ಕೂದಲೆಲ್ಲ ಹೊರಗೆ ಬಂದು ನಿಂತವು. ಎರಡು ವರ್ಷ ನಾನು ಕಾಣದೆ ಹೋದ ಆ ಅಂಚು ಅಲ್ಲಿ ಒದ್ದೆಯಾಗಿ ಹೊಳೆಯುತ್ತಿತ್ತು. ಅಮ್ಮ ಹಸಿರು ಬಟ್ಟೆಯ ಕೆಳಗಿನಿಂದ "ಮುಗೀತೇನವ್ವ? ಕೊಬ್ಬರಿ ಬಿಸಿಲಿಗೆ ಹಾಕಿ ಬಂದಿವ್ನಿ" ಅಂದರು. ಗಡಿಯಾರ ನೋಡಿದೆ, ನಲವತ್ತು ನಿಮಿಷ ಆಗಿತ್ತು.

ಎಲ್ಲರಿಗೂ ಇದೇ ವಿಧಾನ ಅಲ್ಲ. ಕೆಲವರಿಗೆ ಬುಡದ ಪದರವನ್ನು ಹುಡುಕಿ ಮತ್ತೆ ಪಟ್ಟಿಗೆ ಜೋಡಿಸುತ್ತಾರೆ. ಕೆಲವರಿಗೆ ಆ ಮೂರು ಹೊಲಿಗೆಯನ್ನಷ್ಟೇ ಹಾಕುತ್ತಾರೆ. ಅದು ಹತ್ತು ಹದಿನೈದು ನಿಮಿಷದ ಕೆಲಸ, ಹಾಸಿಗೆ ಹಿಡಿದವರಿಗೆ ಮಲಗಿದಲ್ಲೇ ಮಾಡಬಹುದು. ಆದರೆ ಬರೀ ಹೊಲಿಗೆ ಹಾಕಿದರೆ ಮತ್ತೆ ಮಡಚುವ ಸಂಭವ ಹೆಚ್ಚು. ಎರಡು ವಿಧಾನಗಳನ್ನು ಹೋಲಿಸಿ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೊಲಿಗೆ ಮಾತ್ರ ಹಾಕಿಸಿಕೊಂಡವರಲ್ಲಿ ಒಂದೂವರೆ ವರ್ಷದೊಳಗೆ ಐವರಲ್ಲಿ ಒಬ್ಬರಿಗೆ ಮರುಕಳಿಸಿತ್ತು. ಹೊರಮೂಲೆಯನ್ನೂ ಬಿಗಿಸಿಕೊಂಡವರಲ್ಲಿ ಯಾರಿಗೂ ಮರುಕಳಿಸಿರಲಿಲ್ಲ. ಅದಕ್ಕೇ ಮೈ ತಾಳುವ ಹಾಗಿದ್ದರೆ ಎರಡನ್ನೂ ಒಟ್ಟಿಗೆ ಮಾಡಿಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮರುಕಳಿಸಬಹುದು, ಒಮ್ಮೊಮ್ಮೆ ರೆಪ್ಪೆ ಬೇಕಾದ್ದಕ್ಕಿಂತ ಹೆಚ್ಚು ಹೊರಕ್ಕೆ ತಿರುಗಬಹುದು ಅನ್ನುವುದನ್ನು ಮನೆಯವರಿಗೆ ಮೊದಲೇ ಹೇಳಿ. ಮುಚ್ಚಿಟ್ಟು ಕಳಿಸಿದರೆ ಮುಂದಿನ ಸಲ ನಿಮ್ಮ ಮಾತು ನಡೆಯುವುದಿಲ್ಲ.

ಎಲ್ಲಿಗೆ ಕಳಿಸುವುದು? ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿಗೆ ಮೊದಲು ತೋರಿಸಿ. ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳ ನೇತ್ರ ವಿಭಾಗ, ಬೆಂಗಳೂರಿನ ಮಿಂಟೋದಂಥ ದೊಡ್ಡ ಕಣ್ಣಾಸ್ಪತ್ರೆಗಳಲ್ಲಿ ರೆಪ್ಪೆಯ ಕೆಲಸ ಬಲ್ಲವರು ಸಿಗುತ್ತಾರೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದ ಕಾರ್ಡು, ಆಧಾರ್, ರೇಷನ್ ಕಾರ್ಡು ಚೀಲದಲ್ಲಿರಲಿ. ಖರ್ಚಿನ ವಿಷಯ ಅಲ್ಲಿನ ಆರೋಗ್ಯಮಿತ್ರರನ್ನು ಕೇಳಲಿ. ನುಂಗುವ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕಿ ಕಳಿಸಿ. ಹೃದಯ ಕಾಯಿಲೆಯವರು ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು, ತಾವಾಗಿಯೇ ನಿಲ್ಲಿಸಲೂ ಕೂಡದು. ಪೊರೆಗೆಂದು ಕಳಿಸುವವರ ಪಟ್ಟಿಯಲ್ಲಿ ರೆಪ್ಪೆ ಮಡಚಿದವರಿದ್ದರೆ ಹೆಸರಿನ ಪಕ್ಕ "ರೆಪ್ಪೆ" ಅಂತ ಬರೆದುಬಿಡಿ. ಶಿಬಿರದ ನೂಕುನುಗ್ಗಲಿನಲ್ಲಿ ಆ ಒಂದು ಪದ ದೊಡ್ಡ ಅನಾಹುತ ತಪ್ಪಿಸಬಹುದು.

ಆಪರೇಷನ್ ದಿನ ಬರುವವರೆಗೆ ಟೇಪಿನ ಉಪಾಯ ಇದೆ. ಡಾಕ್ಟರೋ ನೇತ್ರಾಧಿಕಾರಿಯೋ ಒಮ್ಮೆ ತೋರಿಸಿಕೊಟ್ಟರೆ ಮನೆಯವರೇ ಮಾಡಬಹುದು. ಕೆನ್ನೆ ಒರೆಸಿ ಒಣಗಿಸಿ, ಮೈಕ್ರೋಪೋರ್ ಟೇಪಿನ ಒಂದು ತುದಿಯನ್ನು ಕೂದಲ ಸಾಲಿನ ಸ್ವಲ್ಪ ಕೆಳಗೆ ಅಂಟಿಸಿ, ಕೆಳಕ್ಕೂ ಹೊರಕ್ಕೂ ಓರೆಯಾಗಿ ಎಳೆದು ಇನ್ನೊಂದು ತುದಿಯನ್ನು ಕೆನ್ನೆಗೆ ಅಂಟಿಸುವುದು. ಅಂಚು ಹೊರಗೆ ಬಂದರೆ ಸಾಕು, ರೆಪ್ಪೆ ಕಣ್ಣಿನಿಂದ ದೂರ ಸರಿಯುವಷ್ಟು ಎಳೆಯಬಾರದು. ಇದು ಆಪರೇಷನ್‌ವರೆಗಿನ ಆಸರೆ ಮಾತ್ರ, ಟೇಪಿನಲ್ಲೇ ವರ್ಷ ಕಳೆಯುವುದಲ್ಲ.

ಆಪರೇಷನ್ ಆದ ಮೇಲೆ ಕಣ್ಣಿನ ಸುತ್ತ ಕಪ್ಪಾಗಿ ಊದಿಕೊಳ್ಳುತ್ತದೆ. ನೆಂಟರು ಕಂಡು ಗಾಬರಿಯಾಗುತ್ತಾರೆ. ಒಂದೆರಡು ವಾರದಲ್ಲಿ ಇಳಿಯುತ್ತದೆ. ಕೊಟ್ಟ ಮುಲಾಮು ಹಚ್ಚಬೇಕು, ಹೊಲಿಗೆಗೆ ನೀರು ತಾಗಿಸಬಾರದು, ಸೌದೆ ಒಲೆಯ ಹೊಗೆಯಿಂದ ದೂರ ಇರಬೇಕು, ಉಜ್ಜಬಾರದು. ಕೆಲವು ಹೊಲಿಗೆ ತಾವೇ ಕರಗುತ್ತವೆ, ಮಿಕ್ಕವನ್ನು ಒಂದು ವಾರ ಹತ್ತು ದಿನಕ್ಕೆ ತೆಗೆಯುತ್ತಾರೆ. ಆ ಭೇಟಿಯನ್ನು ತಪ್ಪಿಸಬಾರದು.

"ಈ ವಯಸ್ಸಲ್ಲಿ ಯಾಕವ್ವ ಆಪರೇಷನ್ನು, ಇನ್ನೆಷ್ಟು ದಿನ ಇದ್ದೇನು" ಅನ್ನುವ ಮಾತು ನಿಮಗೆ ಎದುರಾಗಿಯೇ ಆಗುತ್ತದೆ. ಹಿರಿಯರ ಬಾಯಲ್ಲಿ ಅದು ಬರುವುದು ಮಕ್ಕಳಿಗೆ ಹೊರೆಯಾಗುತ್ತೇನೆ ಅನ್ನುವ ಸಂಕೋಚದಿಂದ. ಮಕ್ಕಳ ಬಾಯಲ್ಲಿ ಬಂದರೆ ನನಗೆ ಸಿಟ್ಟು ಬರುತ್ತದೆ. ಎಷ್ಟು ದಿನ ಇದ್ದರೂ ಆ ದಿನಗಳಲ್ಲಿ ನಿದ್ದೆ ಬೇಡವೇ? ಅಮ್ಮ ಆಪರೇಷನ್ ಆದ ಮೇಲೆ ಆರು ವರ್ಷ ಬದುಕಿದ್ದರು. ಮೂರು ತಿಂಗಳ ಮೇಲೆ ಅದೇ ಕಣ್ಣಿನ ಪೊರೆಯನ್ನೂ ತೆಗೆಸಿದೆವು. ಚಿಮಟ ಗೋಡೆಗೂಡಿನಲ್ಲೇ ಇತ್ತು, ಮೊಮ್ಮಕ್ಕಳ ಕಾಲಿನ ಮುಳ್ಳಿಗೆ.

ಹೋದ ವಾರ ನಮ್ಮೂರಿನ ಆಶಾ, ಮೇಲಿನ ಬೀದಿಯ ಅಜ್ಜನೊಬ್ಬರ ಮನೆಗೆ ನನ್ನನ್ನು ಕರೆದೊಯ್ದಳು. ಅವಳು ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, "ಕಣ್ಣು ಬಿಗಿಯಾಗಿ ಮುಚ್ಚಿ ತಾತ, ಈಗ ಬಿಡಿ" ಅಂದಳು. ಎಡಗಣ್ಣಿನ ರೆಪ್ಪೆ ಒಳಗೆ ಹೋಯಿತು. ಅಜ್ಜನ ಮಗ ಊರಲ್ಲಿಲ್ಲ, ಫೋನಿನಲ್ಲಿ ಒಪ್ಪಿದ್ದಾನೆ. ಬರುವ ಸೋಮವಾರ ಆರೂ ಮುಕ್ಕಾಲರ ಬಸ್ಸಿಗೆ ನಾವು ಮೂವರೂ ಹೊರಡುತ್ತಿದ್ದೇವೆ.

ಇಂತಿ ನಿಮ್ಮ ಅಕ್ಕ,
ನಿವೃತ್ತ ನೇತ್ರಾಧಿಕಾರಿ, ತಿಪಟೂರು ತಾಲ್ಲೂಕು